ಪೈಪು ಸಾಫಾಗಿದೆ ಅಂದವನು

ಆಗ ನನಗೆ ಅರವತ್ತನಾಲ್ಕು ವರ್ಷ. ಈಗ್ಗೆ ನಾಲ್ಕು ವರ್ಷದ ಹಿಂದಿನ ಮಾತು. ದೋಹಾದಲ್ಲಿ, ಅಲ್ ಜದೀದಾ ಬಡಾವಣೆಯ ಹಳೆಯ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ ಮಗ ಸೊಸೆ ಜೊತೆ ಇದ್ದೆ. ಮಗ ಹಮದ್ ಎಂಬ ಬಂದರಿನಲ್ಲಿ ಕ್ರೇನು ನಡೆಸುತ್ತಾನೆ, ಸೊಸೆ ಒಂದು ಶಾಲೆಯಲ್ಲಿ ಕೆಲಸಕ್ಕೆ ಹೋಗುತ್ತಾಳೆ. ದಿನವೆಲ್ಲ ನಾಲ್ಕು ಗೋಡೆ ನೋಡಿಕೊಂಡು ಕೂರುವುದು ನನ್ನಿಂದಾಗದ ಕೆಲಸ. ಅದಕ್ಕೆ ನಮ್ಮ ಬಾಗಲಕೋಟೆ, ಗದಗ ಕಡೆಯಿಂದ ಬಂದು ಒಬ್ಬೊಬ್ಬರೇ ಇರುವ ಗಂಡಸರಿಗೆ ಜೋಳದ ರೊಟ್ಟಿ ಬಡಿದು ಹಾಕಲು ಶುರು ಮಾಡಿದ್ದೆ. ಉಳಿದ ದಿನ ಡಬ್ಬಿ ಕಟ್ಟಿ ಕಳಿಸುವುದು, ಶುಕ್ರವಾರ ಮಾತ್ರ ಮನೆಯಲ್ಲೇ ಚಾಪೆ ಹಾಸಿ ಊಟ.

ಹಾಗೆ ಉಣ್ಣಲು ಬರುತ್ತಿದ್ದವರಲ್ಲಿ ಅವನೊಬ್ಬ. ಹೆಸರು ಬರೆಯುವುದಿಲ್ಲ. ಅವನ ಮೇಲಿನ ಗೌರವಕ್ಕಲ್ಲ. ಹೆಂಡತಿ, ಮಗ ಇದ್ದಾರೆ, ಅವರದೇನೂ ತಪ್ಪಿಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಅನ್ನುತ್ತಾರೆ. ನಾನು ಹುಡುಕಿ ನೋಡಿದೆ. ಸಿಗಲಿಲ್ಲ.

ಅವನು ಪೈಪ್‌ಲೈನಿನಲ್ಲಿ ಫೋರ್‌ಮನ್. ನೆಲದೊಳಗೆ ಹೂಳುವ ದೊಡ್ಡ ಪೈಪುಗಳಿಗೆ ಜೋರಾಗಿ ನೀರು ತುಂಬಿಸಿ ಎಲ್ಲಿ ಸೋರುತ್ತದೆ ಎಂದು ನೋಡುವ ಗ್ಯಾಂಗು ಅವನದು. ಆ ಕೆಲಸವನ್ನು ನನ್ನ ಊಟದ ಚಾಪೆಗೂ ತರುತ್ತಿದ್ದ. ಬಡಿಸಿದ ರೊಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ಟ್ಯೂಬ್‌ಲೈಟಿಗೆ ಹಿಡಿಯುವುದು. ಎಲ್ಲಾದರೂ ಸೂಜಿಮೊನೆಯಷ್ಟು ಬೆಳಕು ಕಂಡರೆ ಮುಗಿಯಿತು.

"ಅಕ್ಕಾರ, ಲೀಕ್ ಐತ್ರಿ. ಬದಲಿ ಮಾಡ್ರಿ."

ಉಳಿದವರೆಲ್ಲ ಹೋ ಎಂದು ನಗುತ್ತಿದ್ದರು. ಅವರಲ್ಲಿ ಅರ್ಧ ಜನ ಅವನ ಗ್ಯಾಂಗಿನವರೇ. ನಗದಿದ್ದವನನ್ನು ನಾಳೆ ನೆರಳಿಲ್ಲದ ಕಡೆ ನಿಲ್ಲಿಸುತ್ತಾನೆ ಎಂದು ಎಲ್ಲರಿಗೂ ಗೊತ್ತಿತ್ತು. ಒಮ್ಮೆ ನನಗೂ ಸಾಕಾಗಿ, "ತಮ್ಮಾ, ಈ ಮನ್ಯಾಗ ನಿನ್ನ ಬಾಯಿಗಿಂತ ದೊಡ್ಡ ಲೀಕ್ ಎಲ್ಲೂ ಇಲ್ಲ, ಮೊದಲ ಅದನ್ನ ಮುಚ್ಚು," ಎಂದೆ. ಆವತ್ತು ಜನ ನಿಜವಾಗಿ ನಕ್ಕರು. ಅದಾದ ಮೇಲೆ ಒಂದು ವಾರ ನನ್ನನ್ನು ಅಕ್ಕಾರ ಎನ್ನುವುದು ಬಿಟ್ಟು, "ಏ ಮುದುಕಿ, ನೀರ್ ತಾ," ಎನ್ನುತ್ತಿದ್ದ.

ಇಲ್ಲಿ ಸಿಗಬಾರದ ತಂಬಾಕು ಅವನಿಗೆ ಎಲ್ಲಿಂದಲೋ ಸಿಗುತ್ತಿತ್ತು. ತುಟಿಯೊಳಗೆ ಇಟ್ಟುಕೊಂಡೇ ಮೆಟ್ಟಿಲು ಹತ್ತಿ ಬಂದು, ನನ್ನ ಕೈತೊಳೆಯುವ ಬೇಸಿನ್ನಿನಲ್ಲಿ ಉಗುಳಿ, ನೀರು ಬಿಡದೆ ಬಂದು ಕೂರುವುದು. ಮೀಸೆಗೆ ಬಣ್ಣ. ಮಜ್ಜಿಗೆ ಕುಡಿದ ಲೋಟದ ಅಂಚಿಗೆ ಕರಿ ಹತ್ತುತ್ತಿತ್ತು. ಉಂಡಾದ ಮೇಲೆ ಗೋಡೆಗೆ ಒರಗಿ ಕಾಲು ಚಾಚಿದರೆ ಗದಗಿನ ಒಬ್ಬ ವೆಲ್ಡರ್, ಮದುವೆಯಾಗಿ ಎರಡು ಮಕ್ಕಳಿರುವ ಗಂಡಸು, ಮಾತಾಡದೆ ಬಂದು ಆ ಕಾಲು ಒತ್ತಬೇಕು. ನಾನು ಆ ವೆಲ್ಡರನ್ನು ಬೈದೆ. "ಯವ್ವಾ, ನನಗ ಓವರ್‌ಟೈಮ್ ಬರಿಯಾಂವ ಇಂವನ," ಎಂದ. ಕಾಲು ಒತ್ತಿಸಿಕೊಳ್ಳುವವನನ್ನು ನೋಡಲೋ ಒತ್ತುವವನನ್ನು ನೋಡಲೋ ತಿಳಿಯದೆ ನಾನು ಒಳಗೆ ಹೋಗುತ್ತಿದ್ದೆ.

ಅವನ ದೊಡ್ಡ ಹೆಮ್ಮೆ ಎಂದರೆ ಹಗ್ಗ ಜಗ್ಗಾಟ. ಚಳಿಗಾಲದಲ್ಲಿ ಒಂದು ಶುಕ್ರವಾರ ಇಲ್ಲಿನ ಕನ್ನಡದವರೆಲ್ಲ ಮೈದಾನದಲ್ಲಿ ಸೇರಿ ಆಟೋಟ ಮಾಡುತ್ತಾರೆ. ಕರಾವಳಿಯವರದೊಂದು ತಂಡ, ನಮ್ಮ ಕಡೆಯವರದೊಂದು ತಂಡ. ಹಗ್ಗದ ಕೊನೆಯ ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು ನೆಲಕ್ಕೆ ಹಿಮ್ಮಡಿ ಊರಿ ಲಂಗರಿನಂತೆ ನಿಲ್ಲುವವನು ಅವನೇ. ಅವನು ಇರುವಷ್ಟು ವರ್ಷ ನಮ್ಮವರು ಸೋತಿರಲಿಲ್ಲವಂತೆ. ತನ್ನ ಹೊಟ್ಟೆಯನ್ನು ಬಡಿದು ತೋರಿಸುತ್ತಿದ್ದ. "ಇದು ಬೊಜ್ಜ ಅಲ್ರಿ, ಆಂಕರ್."

ಚಳಿ ಶುರುವಾಗುವ ಹೊತ್ತಿಗೆ ಒಂದು ಶುಕ್ರವಾರ. ಬದನೆಕಾಯಿ ಎಣ್ಣೆಗಾಯಿ ಮಾಡಿದ್ದೆ. ಅವನು ಎಲ್ಲರಿಗಿಂತ ಹೆಚ್ಚು ತಿಂದ. ಕೈ ತೊಳೆದು ಬಂದವನು ಕೂರಲಿಲ್ಲ. ಎದೆಯ ನಡುವೆ ಅಂಗೈ ಒತ್ತಿ ಹಿಡಿದು ನಿಂತ. ಏಸಿ ಓಡುತ್ತಿದ್ದರೂ ಹಣೆಯಿಂದ ಬೆವರು ಇಳಿದು ಮೀಸೆಯ ಕರಿ ತುಟಿಗೆ ಬಂದಿತ್ತು.

"ಏನಾತೊ ತಮ್ಮಾ?"

"ಗ್ಯಾಸ್ ಆಗೇತ್ರಿ. ನಿಮ್ಮ ಬದ್ನಿಕಾಯಿ ಎಣ್ಣಿ."

ನನ್ನ ಮಂಚದ ಮೇಲೇ ಹೋಗಿ ಬಿದ್ದುಕೊಂಡ. ಸೋಡಾ ತಂದರು, ನಿಂಬೆಹಣ್ಣು ಹಿಂಡಿ ಉಪ್ಪು ಹಾಕಿ ಕೊಟ್ಟರು. ಅಜಿವಾನದ ಕಾಳು ಅಗಿದ. ಬೋರಲು ಮಲಗಿ ಗದಗಿನವನಿಗೆ ಬೆನ್ನು ತುಳಿ ಎಂದ, ಅವನು ತುಳಿದ. ಒಂದೊಂದು ಸಲ ತೇಗು ಬಂದಾಗ ಸುತ್ತ ಕೂತವರು ಚಪ್ಪಾಳೆ ಹೊಡೆಯುತ್ತಿದ್ದರು. "ಹೊರಗ ಬಂತ್ ನೋಡ್ರಿ! ಇನ್ನೊಂದ್ ಬಂತಂದ್ರ ಆತು!" ಒಬ್ಬ ಗಂಡಸಿನ ತೇಗಿಗೆ ಹತ್ತು ಗಂಡಸರು ಕಾದು ಕೂತಿದ್ದನ್ನು ನಾನು ನನ್ನ ಜೀವಮಾನದಲ್ಲಿ ಮೊದಲು ನೋಡಿದ್ದು ಆವತ್ತು.

ದವಡೆ ನೋಯುತ್ತದೆ, ಎಡಗೈ ಸೆಳೆಯುತ್ತದೆ ಎನ್ನತೊಡಗಿದ. ನನ್ನ ಗಂಡ ಹೋದಾಗಲೂ ಹೀಗೇ ದವಡೆ ಹಿಡಿದುಕೊಂಡಿದ್ದ. ಆಂಬುಲೆನ್ಸ್ ಕರೆಯಿರಿ ಎಂದೆ. ಯಾರೂ ಫೋನು ಮುಟ್ಟಲಿಲ್ಲ, ಎಲ್ಲರೂ ಅವನ ಮುಖ ನೋಡಿದರು.

"ಯಾರರ ಫೋನ್ ಮಾಡಿದ್ರ ನೋಡ್ರಿ ಮತ್ತ," ಎಂದ ಮಲಗಿದಲ್ಲಿಂದಲೇ. "ಕಂಪನಿಗೆ ಸುದ್ದಿ ಹೋಗತೈತಿ. ಅನ್‌ಫಿಟ್ ಅಂತ ಬರದು ಮನಿಗೆ ಅಟ್ತಾರ. ಗ್ಯಾಸ್ ಐತಿ ಅಂದ್ನೆಲ್ಲ? ಗ್ಯಾಸ್ ಐತಿ."

ಮಧ್ಯಾಹ್ನ ಮಸೀದಿಯ ಬಾಂಗು ಆದ ಮೇಲೆ ಶುರುವಾದದ್ದು ಸಂಜೆಯ ಬಾಂಗಿನ ತನಕ ಗ್ಯಾಸೇ ಆಗಿತ್ತು. ಮಗ ಪಾಳಿ ಮುಗಿಸಿ ಬಂದು, ಅವನ ಬೂದಿಯಂಥ ಮುಖ ನೋಡಿದವನೇ ಯಾರನ್ನೂ ಕೇಳದೆ ಆಂಬುಲೆನ್ಸಿಗೆ ಫೋನು ಮಾಡಿದ. ಸ್ಟ್ರೆಚರಿಗೆ ಎತ್ತುವಾಗ ಅವನು ನನ್ನ ಹಾಸಿಗೆಯ ಮೇಲೆ ವಾಂತಿ ಮಾಡಿಕೊಂಡ. ಅದರಲ್ಲೂ ಬದನೆಕಾಯಿ ತೋರಿಸಿ, "ನೋಡ್ರಿ," ಎಂದ.

ಆ ರಾತ್ರಿಯೇ ಆಸ್ಪತ್ರೆಯಲ್ಲಿ ಅವನ ಹೃದಯದ ನಾಳಕ್ಕೆ ತಂತಿ ತೂರಿಸಿ, ಅಡ್ಡ ನಿಂತದ್ದನ್ನು ತೆಗೆದು, ಸ್ಟೆಂಟು ಕೂರಿಸಿದರು. ಮರುದಿನ ಗ್ಯಾಂಗಿನವರೆಲ್ಲ ಡ್ಯೂಟಿಗೆ ಹೋಗಿದ್ದರು. ಗಂಜಿ ತೆಗೆದುಕೊಂಡು ಹೋದವಳು ನಾನೊಬ್ಬಳೇ. ವಾರ್ಡಿನಲ್ಲಿ ಉಡುಪಿ ಕಡೆಯ ನರ್ಸೊಬ್ಬಳಿದ್ದಳು. ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿ ಹೋದದ್ದನ್ನು ನಮ್ಮಿಬ್ಬರಿಗೂ ಅವಳೇ ಬಿಡಿಸಿ ಹೇಳಿದಳು.

"ನೋಡಿ ಅಂಕಲ್, ದೊಡ್ಡ ನಾಳದ ಬ್ಲಾಕ್ ತೆಗೆದಿದ್ದಾರೆ. ಅದು ಓಪನ್ ಉಂಟು. ಆದ್ರೆ ಅದರಿಂದ ಮುಂದೆ ಕೂದಲಿನ ಹಾಗೆ ಸಣ್ಣ ಸಣ್ಣ ನಾಳ ಇರ್ತದಲ್ಲ, ಅದರೊಳಗೆ ರಕ್ತ ಹೋಗ್ತಾ ಇಲ್ಲ. ಬರುವಾಗ ತುಂಬ ತಡ ಆಗಿತ್ತು ಮಾರಾಯ್ರೆ. ಹಾರ್ಟಿನ ಮಾಂಸಕ್ಕೆ ರಕ್ತ ಸರಿ ಸಿಗ್ತಾ ಇಲ್ಲ ಈಗ."

"ಟೇಲ್ ಎಂಡಿಗೆ ನೀರ್ ಹತ್ತವಲ್ದು ಅಂದಂಗಾತು," ಎಂದ.

ನರ್ಸಿಗೆ ತಿಳಿಯಲಿಲ್ಲ, ನನಗೆ ತಿಳಿಯಿತು. ಅವನ ಹೊಲ ಕಾಲುವೆಯ ಕಟ್ಟಕಡೆಗೆ. ಅಣೆಕಟ್ಟಿನಲ್ಲಿ ಗೇಟು ಎತ್ತಿದರು, ನೀರು ಬಿಟ್ಟರು ಎಂದು ಎಲ್ಲ ಕಡೆ ಸುದ್ದಿ. ದೊಡ್ಡ ಕಾಲುವೆ ತುಂಬಿ ಹರಿಯುತ್ತಿರುತ್ತದೆ. ಇವರ ಹೊಲಗಾಲುವೆಯಲ್ಲಿ ಹೂಳು ತುಂಬಿ ಓತಿಕ್ಯಾತ ಓಡಾಡುತ್ತಿರುತ್ತದೆ.

"ಹಾಂ, ಹಾಗೇ ಇರ್ಬಹುದು," ಎಂದಳು ನರ್ಸು. "ಕೆಲವರಿಗೆ ನಿಧಾನಕ್ಕೆ ಸ್ವಲ್ಪ ಸರಿ ಆಗ್ತದೆ, ಕೆಲವರಿಗೆ ಆಗುದಿಲ್ಲ. ಮಾತ್ರೆ ಒಂದೂ ಬಿಡ್ಬಾರ್ದು. ಉಪ್ಪು ಕಡಿಮೆ. ಭಾರ ಎತ್ತುದು, ಎಳಿಯುದು ಎಲ್ಲ ಬಂದ್. ಸೈಟಿನ ಕೆಲಸ ನಿಮ್ಗೆ ಇನ್ನು ಆಗ್ಲಿಕ್ಕಿಲ್ಲ. ಊರಿಗೆ ಹೋಗಿ ರೆಸ್ಟ್ ತಗೊಳ್ಳಿ ಅಂತ ಡಾಕ್ಟರ್ ಹೇಳಿದ್ದು. ಇಲ್ದಿದ್ರೆ ಮತ್ತೆ ನಮ್ಮನ್ನು ಕೇಳ್ಬೇಡಿ."

ಅವಳು ಆಚೆ ಹೋದ ಮೇಲೆ ಅವನು ನನ್ನ ಕಡೆ ತಿರುಗಿದ. "ಅಕ್ಕಾರ, ಈ ಮಾತು ಇಲ್ಲೇ ಇರ್ಲಿ. ಬಾಯಿ ಬಿಟ್ಟೀರಿ ಮತ್ತ."

"ಯಾಕ ಬಿಡಬಾರದು? ನನ್ನ ಬಾಯಿ ಏನ್ ನಿಂದಾ?"

ನರ್ಸಿನ ಮಾತು ಅವನಿಗೆ ಅರ್ಥವಾಗಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ಅವನಷ್ಟು ಚೆನ್ನಾಗಿ ಆ ಮಾತು ಡಾಕ್ಟರಿಗೂ ಅರ್ಥವಾಗಿರಲಿಕ್ಕಿಲ್ಲ.

ಸಂಜೆಗೆ ಜನ ಬಂತು. ನಮ್ಮವರಿಗೆ ಆಸ್ಪತ್ರೆ ಎಂದರೆ ಜಾತ್ರೆ. ಸೇಬು, ಕಿತ್ತಳೆ, ಜೂಸಿನ ಡಬ್ಬ. ಮಂಚದ ಪಕ್ಕ ನಿಂತು ಹೆಬ್ಬೆರಳೆತ್ತಿ ಫೋಟೋ. ಬಂದವರೆಲ್ಲ ಮೊದಲು ಕೇಳುವುದು ಒಂದೇ ಮಾತು, ಎಷ್ಟು ಸ್ಟೆಂಟು? ಒಂದು ಎಂದರೆ ಅವರ ಮುಖ ಸ್ವಲ್ಪ ಇಳಿಯುತ್ತಿತ್ತು. ನಮ್ಮ ಮಾವನಿಗೆ ಮೂರು ಎಂದು ಒಬ್ಬ, ನಮ್ಮ ಸೂಪರ್‌ವೈಸರಿಗೆ ನಾಲ್ಕು, ಈಗಲೂ ಬಿರಿಯಾನಿ ತಿನ್ನುತ್ತಾನೆ ಎಂದು ಇನ್ನೊಬ್ಬ. ಇವನು ದಿಂಬಿಗೆ ಒರಗಿ ಎಲ್ಲರಿಗೂ ಅದೇ ಹೇಳಿದ. "ಪೈಪ್ ಬ್ಲಾಕ್ ಆಗಿತ್ತು, ತಗದ್ರು. ಈಗ ಲೈನ್ ಪೂರಾ ಸಾಫ್. ಮಾಫಿ ಮುಷ್ಕಿಲ್, ಏನೂ ತ್ರಾಸಿಲ್ಲ." ಆಮೇಲೆ ನನ್ನ ಕಡೆ ಬೆರಳು ತೋರಿಸಿ, "ಎಲ್ಲಾ ಈ ಅಕ್ಕಾರ ಎಣ್ಣೆಗಾಯಿ ಮಹಿಮಾ," ಎಂದು ನಗಿಸುವುದು. ಮುಂದಿನ ಶುಕ್ರವಾರದಿಂದ ಕೆಲವರು ನನ್ನ ಪಲ್ಯದ ಎಣ್ಣೆಯನ್ನು ರೊಟ್ಟಿಯ ತುದಿಯಿಂದ ಬದಿಗೆ ಸರಿಸಿ ತಿನ್ನತೊಡಗಿದರು. ಅವನ ಜೊತೆ ಕೂತು ತೇಗು ಎಣಿಸಿದವರೇ ಅವರು.

ಕಂಪನಿಯವರಿಗೆ ಸ್ಟೆಂಟು ಹಾಕಿದ್ದು ಗೊತ್ತಿತ್ತು, ಅದರಾಚೆಯದು ಗೊತ್ತಿರಲಿಲ್ಲ. ರಜೆ ಕೊಟ್ಟರು. ರಜೆಯಲ್ಲಿ ದಿನಾ ಮಧ್ಯಾಹ್ನ ಕಂಪನಿಯವರು ಇರಿಸಿದ ಕ್ಯಾಂಪಿನಿಂದ ನನ್ನಲ್ಲಿಗೆ ಉಣ್ಣಲು ಬರುತ್ತಿದ್ದ. ಅವನಿಗೆಂದು ಉಪ್ಪು ಕಡಿಮೆ ಹಾಕಿ ಬೇರೆ ಬೇಯಿಸುತ್ತಿದ್ದೆ. ಪ್ರೀತಿಯಿಂದಲ್ಲ. ನನ್ನ ಅಡುಗೆ ತಿಂದು ಸತ್ತ ಎಂದೂ ಹೇಳಿಸಿಕೊಳ್ಳಲು ನನಗೆ ಇಷ್ಟವಿರಲಿಲ್ಲ. ಶುಕ್ರವಾರ ನಾನು ಒಳಗೆ ತಿರುಗಿದರೆ ಪಕ್ಕದವನ ತಾಟಿನಿಂದ ಉಪ್ಪಿನಕಾಯಿ ಎತ್ತಿ ಬಾಯಿಗೆ ಹಾಕಿಕೊಳ್ಳುವುದು, ಕೆನ್ನೆಯೊಳಗೆ ಅಡಗಿಸಿಟ್ಟು ಸುಮ್ಮನೆ ಕೂರುವುದು. ಐವತ್ತು ದಾಟಿದ ಗಂಡಸು.

ಮೆಟ್ಟಿಲಲ್ಲಿ ಅವನು ಮಾಡುತ್ತಿದ್ದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಎರಡು ಮಹಡಿ ಹತ್ತಲು ಉಸಿರು ಸಾಲುತ್ತಿರಲಿಲ್ಲ. ಅದು ಯಾರಿಗೂ ತಿಳಿಯಬಾರದು. ಹಾಗಾಗಿ ನಾಲ್ಕು ಮೆಟ್ಟಿಲು ಹತ್ತುವುದು, ಫೋನು ಕಿವಿಗೆ ಇಟ್ಟುಕೊಂಡು ನಿಲ್ಲುವುದು. "ಹಲೋ, ಹಾಂ, ಹೇಳ್ರಿ ಎಂಜಿನಿಯರ್ ಸಾಹೇಬ್ರ, ಹಾಂ..." ಮತ್ತೆ ನಾಲ್ಕು ಮೆಟ್ಟಿಲು, ಮತ್ತೆ ಹಲೋ. ಒಂದು ದಿನ ನಾನು ಬಾಗಿಲಲ್ಲೇ ನಿಂತು ಕೆಳಗೆ ನೋಡುತ್ತಿದ್ದೆ. ಫೋನು ಸತ್ತಿತ್ತು, ಕರ್ರಗೆ. ಸತ್ತ ಫೋನಿಗೆ ಹಲೋ ಎನ್ನುತ್ತ, ಬಾಯಿ ಮೀನಿನಂತೆ ತೆರೆದು ಗಾಳಿ ಎಳೆಯುತ್ತ ನಿಂತಿದ್ದ. ಚಪ್ಪಲಿಯ ಪಟ್ಟಿ ಕತ್ತರಿಸಿದ್ದ, ಪಾದ ಊದಿ ಒಳಗೆ ಹೋಗುತ್ತಿರಲಿಲ್ಲ. ಒಳಗೆ ಬಂದು ಕೂತಾಗ ಅವನ ಮೀನಖಂಡಕ್ಕೆ ಬೆರಳು ಒತ್ತಿ ತೆಗೆದೆ. ನಾದಿದ ಹಿಟ್ಟಿನಲ್ಲಿ ಉಳಿಯುವಂತೆ ಗುಳಿ ಹಾಗೇ ಉಳಿಯಿತು.

"ಊರಿಗೆ ಹೋಗೋ," ಎಂದೆ. "ಮಗ ಅದಾನ, ಹೇಣ್ತಿ ಅದಾಳ. ಒಂದ್ ಮೂಲ್ಯಾಗ ಕುಂದ್ರು. ಮಾತ್ರಿ ನುಂಗು."

ಆವತ್ತು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅದಕ್ಕೇ ಬಾಯಿ ಬಿಟ್ಟನೋ ಏನೋ.

"ಮೂಲ್ಯಾಗ ಕುಂದ್ರೂದು ಅಂದ್ರ ಏನಂತ ನಿಮಗ ಗೊತ್ತಿಲ್ರಿ ಅಕ್ಕಾರ. ನಮ್ಮಪ್ಪಗ ಲಕ್ವಾ ಹೊಡೀತು. ಒಂದ್ ಕೈ, ಒಂದ್ ಕಾಲು ಹೋತು. ದುಡಿಯಾಕ ಬರಂಗಿಲ್ಲ, ಬರೇ ತಿನ್ನಾಕ ಬರತೈತಿ. ನಾ ಅವನ್ನ ದನದ ಕೊಟ್ಟಿಗ್ಯಾಗ ಹಾಕಿದ್ದೆ. ವಾಸನಿ ಬರತೈತಿ ಅಂತ. ದನಕ್ಕ ನೀರ್ ಕುಡಸಾಕ ಹ್ವಾದಾಗ ಅವಗೂ ಒಂದ್ ತಂಬಗಿ ಇಟ್ಟು ಬರ್ತಿದ್ನಿ. ನನ್ನ ಮಗ ಸಣ್ಣಾಂವ. ಬಾಗಲಾಗ ನಿಂತು ಎಲ್ಲಾ ನೋಡ್ಯಾನ."

"ಎಷ್ಟ್ ದಿನ ಇದ್ದ ನಿಮ್ಮಪ್ಪ?"

"ಭಾಳ ದಿನ."

ಅಳಲಿಲ್ಲ. ಅತ್ತಿದ್ದರೆ ಒಂದು ಲೋಟ ನೀರಾದರೂ ಕೊಡುತ್ತಿದ್ದೆನೇನೋ. ತಪ್ಪು ಮಾಡಿದೆ ಎಂದೂ ಅನ್ನಲಿಲ್ಲ. ತನಗೆ ಹಾಗಾಗಬಾರದು, ಅಷ್ಟೇ ಅವನ ಚಿಂತೆ. ಅವನ ತಾಟು ಎತ್ತಿಕೊಂಡು ಒಳಗೆ ಹೋದೆ. ಹೆಣವಾಗಿ ಹೋದರೂ ಸರಿ, ಕುಂತು ತಿನ್ನುವವನಾಗಿ ಊರಿಗೆ ಹೋಗಬಾರದು ಎಂದು ಅವನು ತೀರ್ಮಾನ ಮಾಡಿದ್ದು ನನಗೆ ತಿಳಿಯಿತು. ಆಟೋಟದ ಶುಕ್ರವಾರ ಹಗ್ಗ ಎಳೆದು ಎಲ್ಲರಿಗೂ ತೋರಿಸುವುದು, ಮರುದಿನ ಶನಿವಾರ ಡ್ಯೂಟಿಗೆ ಸೇರುವುದು. ಇದು ಅವನ ಲೆಕ್ಕ.

ಸೊಸೆಯ ಫೋನಿನಿಂದ ಅವನ ಹೆಂಡತಿಗೆ ಮಾತಾಡಿದೆ. ನಂಬರು ಗದಗಿನವನಿಂದ ಇಸಿದುಕೊಂಡಿದ್ದೆ. ಸುತ್ತು ಬಳಸು ನನಗೆ ಬರುವುದಿಲ್ಲ. "ತಂಗಿ, ನಿನ್ನ ಗಂಡನ ಎದಿಗೆ ರಕ್ತ ಹತ್ತವಲ್ದು. ಇಲ್ಲಿದ್ರ ಸಾಯ್ತಾನ. ಕರಿಸಿಕೋ," ಎಂದೆ.

ಆ ಕಡೆಯಿಂದ ಬಂದ ದನಿ ತಣ್ಣಗಿತ್ತು. "ಅವ್ರು ಎಲ್ಲಾ ಹೇಳ್ಯಾರ್ರಿ ನನಗ. ಆರಾಮ ಅದಾರಂತ. ನಿಮ್ಮ ಖಾನಾವಳಿ ಎಣ್ಣಿದಿಂದ ಹಿಂಗಾತಂತ. ಯಕ್ಕಾ, ಬ್ಯಾಸರ ಮಾಡ್ಕೋಬ್ಯಾಡ್ರಿ, ಮಂದಿಗೆ ಹಾಕು ಅನ್ನದಾಗ ಒಂದೀಟು ಚಲೋ ಎಣ್ಣಿ ಹಾಕ್ರಿ."

ಫೋನು ಇಟ್ಟೆ. ಸೊಸೆ ನಗು ತಡೆಯಲಾರದೆ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆಟೋಟ ನಡೆಸುವ ಕನ್ನಡ ಸಂಘದ ಅಧ್ಯಕ್ಷರಿಗೂ ಹೇಳಿದೆ. ಮೈಸೂರು ಕಡೆಯವರು, ದೊಡ್ಡ ಆಫೀಸಿನಲ್ಲಿ ಕೆಲಸ, ಇಸ್ತ್ರಿ ಮುರಿಯದ ಅಂಗಿ. ಆಟೋಟದ ದಿನ ಊಟಕ್ಕೆ ರೊಟ್ಟಿ ಹೇಳಲು ಮನೆಗೆ ಬಂದಿದ್ದರು. ಹಗ್ಗ ಎಳೆಯಲು ಅವನನ್ನು ಕರೆಯಬೇಡಿ ಎಂದೆ, ನರ್ಸು ಹೇಳಿದ್ದನ್ನೆಲ್ಲ ಹೇಳಿದೆ.

"ಅಮ್ಮ, ಬ್ಲಾಕ್ ಓಪನ್ ಆಯ್ತಲ್ಲ, ಇನ್ನೇನು?" ಎಂದರು ಅವರು. "ನೀವು ಹಿರಿಯರು, ಇಂಥಾ ನೆಗೆಟಿವ್ ಮಾತೆಲ್ಲ ಆಡಬಾರ್ದು. ಅವರ ವಿಲ್‌ಪವರ್ ನೋಡಿ. ಸಾವನ್ನೇ ಗೆದ್ದು ಬಂದಿದ್ದಾರೆ. ಆವತ್ತು ಸ್ಟೇಜ್ ಮೇಲೆ ಒಂದು ಸನ್ಮಾನ ಇಟ್ಕೊಂಡಿದ್ದೀವಿ."

"ಅಂವಗ ಕೇಳಿದ್ರ ಅಂವ ಸುಳ್ಳ ಹೇಳ್ತಾನ್ರಿ. ಡಾಕ್ಟರ್‌ಗೆ ಕೇಳ್ರಿ."

"ಆಯ್ತಮ್ಮ, ಆಯ್ತು. ರೊಟ್ಟಿ ಮಾತ್ರ ಮೆತ್ತಗೆ ಇರ್ಲಿ."

ಆಟೋಟದ ಶುಕ್ರವಾರ ಬಂತು. ಮೈದಾನದ ಅಂಚಿಗೇ ಮೇಜು ಹಾಕಿ ನಾನು ರೊಟ್ಟಿ ಬಡಿಯುತ್ತಿದ್ದೆ. ಸನ್ಮಾನಕ್ಕೆ ಶಾಲು, ಹಣ್ಣಿನ ತಟ್ಟೆ, ಮೈಸೂರು ಪೇಟ. ಸಂಘದಲ್ಲಿ ಪೇಟ ಇದ್ದದ್ದು ಒಂದೇ. ಯಾರನ್ನು ಸನ್ಮಾನಿಸಿದರೂ ಅದನ್ನೇ ತಲೆಗಿಟ್ಟು, ಫೋಟೋ ಆದ ಮೇಲೆ ತೆಗೆದು ಡಬ್ಬದೊಳಗೆ ಇಡುತ್ತಾರೆ. ಎಷ್ಟು ತಲೆಯ ಬೆವರು ಕುಡಿದಿತ್ತೋ, ಹತ್ತಿರ ಹೋದರೆ ವಾಸನೆ ಹೊಡೆಯುತ್ತಿತ್ತು. ಅದನ್ನು ಹಾಕಿಕೊಂಡು, ಹೊಸದಾಗಿ ಬಣ್ಣ ಹಚ್ಚಿದ ಮೀಸೆ ತಿರುವಿ, ಅವನು ಮೈಕಿನ ಮುಂದೆ ನಿಂತ. "ಪೈಪ್‌ಲೈನ್ ಕ್ಲಿಯರ್ ಐತ್ರಿ!" ಎಂದು ಎದೆ ಬಡಿದುಕೊಂಡ. ಜನ ಶಿಳ್ಳೆ ಹೊಡೆದರು. ಸ್ಟೇಜಿನಿಂದ ಇಳಿಯುವಾಗ ಮೆಟ್ಟಿಲಲ್ಲಿ ನಿಂತು ಜೇಬಿಗೆ ಕೈ ಹಾಕಿ ಫೋನು ಹುಡುಕಿದ್ದನ್ನು ನಾನೊಬ್ಬಳೇ ನೋಡಿದೆ.

ಮೊದಲನೇ ಸುತ್ತು ಎಳೆದರು. ಪೇಟ, ಶಾಲು ತೆಗೆಯದೆ ನಿಂತಿದ್ದ ಅವನ ಸೊಂಟದಲ್ಲೇ ಹಗ್ಗ. ನಮ್ಮವರು ಗೆದ್ದರು. ಅವನು ಎಳೆದನೋ, ಮುಂದಿನವರು ಎಳೆದರೋ, ದೇವರಿಗೆ ಗೊತ್ತು. ಎರಡನೇ ಸುತ್ತಿಗೆ ಕಡೆ ಬದಲಾಯಿಸಿ ನಿಂತಾಗ ನನ್ನ ರೊಟ್ಟಿಯ ಮೇಜಿನ ಹತ್ತಿರಕ್ಕೇ ಬಂದ. ತುಟಿ ನೀಲಿ. ಕಣ್ಣು ಎಲ್ಲೋ. ಕತ್ತಿನ ನರ ಕಪ್ಪೆಯ ಗಂಟಲಿನಂತೆ ಬಡಿದುಕೊಳ್ಳುತ್ತಿತ್ತು. "ಹೌದ್ ಹುಲಿಯಾ! ಎಳಿ!" ಎಂದು ಜನ ಕೂಗುತ್ತಿದ್ದರು.

ನಾನು ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಹೋಗಿ ಹಗ್ಗದ ಮೇಲೆ ಕೂತುಬಿಟ್ಟೆ. ಅವನಿಗೂ ಅವನ ಮುಂದಿನವನಿಗೂ ನಡುವೆ, ಮರಳಿನಲ್ಲಿ, ಕಾಲು ಚಾಚಿ.

ಮೈಕಿನವರು, "ಅಜ್ಜಿ ಕೂಡ ಟೀಮ್ ಸೇರಿಕೊಂಡರು!" ಎಂದರು. ಎಲ್ಲರೂ ನಕ್ಕರು. ಮಂಗಳೂರು ಕಡೆಯವನೊಬ್ಬ, "ಇದು ಫೌಲ್ ಮಾರ್ರೆ, ಅಜ್ಜಿ ಎಷ್ಟು ಕೆ.ಜಿ.?" ಎಂದ. ಅಧ್ಯಕ್ಷರು ಓಡಿ ಬಂದು, "ಏಳಿ ಅಮ್ಮ, ಚೆನ್ನಾಗಿರೋಲ್ಲ," ಎಂದರು. ನಾನು ಏಳಲಿಲ್ಲ. ಅವನು ಹಿಂದಿನಿಂದ ನನಗೊಂದು ಮಾತು ಅಂದ. ಹೆಂಗಸಿಗೆ ಅನ್ನುವ ಮಾತು, ಬರೆಯುವುದಿಲ್ಲ. ಎರಡನೇ ಸಲ ಅನ್ನಲು ಹೋದ, ಉಸಿರು ಬರಲಿಲ್ಲ. ಹಗ್ಗ ಸುತ್ತಿಕೊಂಡಿದ್ದ ಹಾಗೇ ಮಂಡಿ ಊರಿ ಕೂತ. ಆಮೇಲೆ ಶಾಲಿನ ಮೇಲೆ ವಾಂತಿ ಮಾಡಿಕೊಂಡ.

"ಗ್ಯಾಸ್, ಗ್ಯಾಸ್," ಎಂದು ಯಾರೋ ಓಡಿದರು. ಸೋಡಾ ತಂದರು. ಅಧ್ಯಕ್ಷರು ಪೇಟಕ್ಕೆ ತಗುಲಿತೇನೋ ಎಂದು ಮೊದಲು ಅದನ್ನು ಎತ್ತಿ ನೋಡಿದರು. ನನ್ನ ಮಗ ಆಸ್ಪತ್ರೆಗೆ ಹೋಗೋಣ ಎಂದು ತೋಳು ಹಿಡಿದರೆ ಕೊಡವಿಕೊಂಡು, ತನ್ನ ಗ್ಯಾಂಗಿನವರ ಹೆಗಲು ಹಿಡಿದು ಕ್ಯಾಂಪಿಗೆ ಹೋದ. ಹೋಗುವಾಗ, "ನಾಳೆ ಡ್ಯೂಟಿಗೆ ಹೊಂಟೀನಿ, ನೋಡ್ರಿ ಬೇಕಾದ್ರ," ಎಂದ. ನಮ್ಮವರೆಲ್ಲ ಆ ದಿನದಿಂದ ನನ್ನ ಜೊತೆ ಮಾತು ಬಿಟ್ಟರು. ಅವನಿಗಾಗಿ ಅಲ್ಲ, ಕಪ್ ಹೋಯಿತಲ್ಲ, ಅದಕ್ಕೆ.

ಕೊನೆಗೆ ಅವನು ಊರಿಗೇ ಹೋದ. ಅಲ್ಲಿ ಮೂರು ವರ್ಷಕ್ಕೂ ಹೆಚ್ಚು ಬದುಕಿದ. ಹೋದ ತಿಂಗಳು ಸತ್ತ ಸುದ್ದಿ ತಂದವನು ಗದಗಿನ ವೆಲ್ಡರ್. ರಜೆಗೆ ಹೋದಾಗ ನೋಡಿ ಬಂದಿದ್ದನಂತೆ. ಮಗ ಅಪ್ಪನಿಗೆ ಪಡಸಾಲೆಯಲ್ಲಿ ಮಂಚ ಹಾಕಿಕೊಟ್ಟಿದ್ದ, ತಲೆಯ ಹತ್ತಿರ ಟಿವಿ. ತಾನೇ ಜಳಕ ಮಾಡಿಸುತ್ತಿದ್ದ, ಎತ್ತಿ ತಂದು ಕಟ್ಟೆಯ ಮೇಲೆ ಕೂರಿಸುತ್ತಿದ್ದ, ಬೈದರೆ ಬೈಸಿಕೊಳ್ಳುತ್ತಿದ್ದ. ಒಂದು ದಿನವೂ ತಿರುಗಿ ಮಾತಾಡಲಿಲ್ಲವಂತೆ. ಅಪ್ಪ ಮಾತ್ರ ಬಂದವರಿಗೆಲ್ಲ ಹೇಳುತ್ತಿದ್ದನಂತೆ, ನಾನು ಆರಾಮ ಇದ್ದೆ, ದೋಹಾದಾಗ ಒಬ್ಬಾಕಿ ದರಿದ್ರ ಮುದುಕಿ ನನ್ನ ನೌಕರಿ ತಿಂದ್ಳು ಎಂದು. ಸಾಯುವ ತನಕ ಇದೇ ಮಾತು.

ಆ ಮಗನ ಬಗ್ಗೆ ಕೇಳಿ ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಕೊಟ್ಟಿಗೆಯಲ್ಲಿ ಬಿದ್ದಿದ್ದ ಆ ಮುದುಕನ ನೆನಪಾಯಿತು. ಅವನಿಗೆ ಸಿಗದ್ದೆಲ್ಲ ಇವನಿಗೆ ಸಿಕ್ಕಿತಲ್ಲ ಎಂದು ಸಿಟ್ಟು ಬಂತು. ಇವನನ್ನು ಅಲ್ಲಿಗೆ ಮುಟ್ಟಿಸಿದ್ದು ನಾನೇ. ಏಕೆ ಮುಟ್ಟಿಸಿದೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಕಣ್ಣೆದುರು ಒಬ್ಬ ಸಾಯಲು ಹೊರಟರೆ, ಅವನು ಎಂಥವನೇ ಆಗಲಿ, ನೋಡಿಕೊಂಡು ರೊಟ್ಟಿ ಬಡಿಯಲು ಆಗುವುದಿಲ್ಲ. ಅಷ್ಟೇ.

ಆಟೋಟದ ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ. ಮರುದಿನ ಬೆಳಗ್ಗೆ ಮಗನನ್ನು ಬೇಗ ಎಬ್ಬಿಸಿ, ಕಾರಿನಲ್ಲಿ ಅವರ ಕ್ಯಾಂಪಿಗೆ ಹೋದೆ. ಸೈಟಿಗೆ ಹೊರಡುವ ಬಸ್ಸು ಗೇಟಿನಲ್ಲಿ ನಿಂತಿತ್ತು. ಗಂಡಸರು ಸಾಲಾಗಿ ಹತ್ತುತ್ತಿದ್ದರು. ಅವನು ಮುಂದಿನ ಸೀಟಿನಲ್ಲಿ ಹೆಲ್ಮೆಟ್ ಹಾಕಿಕೊಂಡು ಕೂತಿದ್ದ, ಕಿಟಕಿಯ ಸರಳು ಹಿಡಿದು ಉಸಿರು ಎಳೆಯುತ್ತ. ನನ್ನನ್ನು ನೋಡಿ ಮುಖ ಆಚೆ ತಿರುಗಿಸಿದ. ನಾನು ಅವನ ಹತ್ತಿರ ಹೋಗಲಿಲ್ಲ. ನೇರ ಆಫೀಸಿನೊಳಗೆ ಹೋದೆ. ಕೇರಳದ ಮ್ಯಾನೇಜರನೊಬ್ಬ ಚಹಾ ಕುಡಿಯುತ್ತಿದ್ದ. ಫೋರ್‌ಮನ್ನಿನ ಹೆಸರು ಹೇಳಿದೆ. ನೀವು ಯಾರು, ಅವನಿಗೆ ಏನಾಗಬೇಕು ಎಂದು ಹಿಂದಿಯಲ್ಲಿ ಕೇಳಿದ. ಏನೂ ಆಗಬೇಕಿಲ್ಲ, ಉಣ್ಣಲು ಹಾಕುವವಳು ಎಂದೆ. ನರ್ಸು ಹೇಳಿದ್ದು, ಊದಿದ ಕಾಲು, ನಿನ್ನೆಯ ನೀಲಿ ತುಟಿ, ಬರುವಷ್ಟು ಹಿಂದಿಯಲ್ಲಿ ಎಲ್ಲ ಹೇಳಿದೆ. ನಂಬಿಕೆ ಇಲ್ಲದಿದ್ದರೆ ಆಸ್ಪತ್ರೆಗೆ ಫೋನು ಮಾಡಿ ಕೇಳು, ಅಲ್ಲಿಯ ತನಕ ಬಸ್ಸು ಬಿಡಬೇಡ, ಈ ಮನುಷ್ಯನನ್ನು ವಿಮಾನದ ಸೀಟಿನಲ್ಲಿ ಕೂರಿಸಿ ಕಳಿಸುತ್ತೀಯೋ ಪೆಟ್ಟಿಗೆಯಲ್ಲಿ ಮಲಗಿಸಿ ಕಳಿಸುತ್ತೀಯೋ ಈಗಲೇ ಹೇಳು ಎಂದೆ. ಅವನು ಚಹಾದ ಲೋಟ ಕೆಳಗಿಟ್ಟು ಫೋನು ಎತ್ತಿದ. ಅವನ ಮುಂದಿನ ಕುರ್ಚಿ ಎಳೆದುಕೊಂಡು, ಅವನು ಮಾತಾಡಿ ಮುಗಿಸಿ ಬಸ್ಸಿನಿಂದ ಇವನನ್ನು ಇಳಿಸಿ ತರಲು ಮನುಷ್ಯನನ್ನು ಕಳಿಸುವ ತನಕ, ನಾನು ಅಲ್ಲಿಂದ ಏಳಲಿಲ್ಲ.